ದುರ್ಗಾಳ ಹಳದಿ ಸೀರೆ

ಕೊಟ್ಟಿಗೆಯಿಂದ ಔಷಧಿ ಪಂಪಿನ ಸದ್ದು ಬಂದಾಗ ತಾಯಕ್ಕನ ಕೈಯಲ್ಲಿದ್ದ ಮೊರ ಜಾರಿ ಬಿತ್ತು. ಕೊರಕ್, ಕೊರಕ್. ಆ ಹಾಳಾದ ಪಂಪನ್ನು ಕೊನೆಗೆ ಹೊತ್ತವಳು ಮಗಳು ದುರ್ಗಾ. ಹತ್ತಿಗೆ ಎದುರುಗಾಳಿಯಲ್ಲಿ ಔಷಧಿ ಹೊಡೆದು ಬಂದವಳು ಸಂಜೆಗೆ ನೊರೆ ಕಾರಿದಳು, ಹೊಸಪೇಟೆ ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಳು. ಅಂದಿನಿಂದ ಪಂಪನ್ನು ಮೊಳೆಯಿಂದ ಇಳಿಸಿದವರಿಲ್ಲ. ಆದರೂ ಗಾಳಿ ಬೀಸಿದಾಗಲೆಲ್ಲ ತಾಯಕ್ಕನಿಗೆ ಆ ಸದ್ದು ಕೇಳಿಸುತ್ತಿತ್ತು. ಇವತ್ತು ಗಾಳಿಯೇ ಇರಲಿಲ್ಲ.

ಓಡಿ ಬಂದು ನೋಡಿದರೆ ದುರ್ಗಾಳೇ ನಿಂತಿದ್ದಳು. ಅದೇ ಜಡೆ, ಅದೇ ನಿಲುವು, ಬೆನ್ನಿಗೆ ಪಂಪು. ಆಕೆ ಇತ್ತ ತಿರುಗಿದಾಗ ನೋಡಿದರೆ ಮೊಮ್ಮಗಳು ಭಾಗ್ಯ.

"ಇಳಸು ಅದನ್ನ!"

"ಬಿಳಿನೊಣ ಹೊಲಾನ ಹೀರಿ ಕುಡ್ಯಾಕತ್ತಾವಜ್ಜಿ. ಎಲಿ ಮುಟ್ಟಿದ್ರ ಜಿಗಿಜಿಗಿ. ಅಪ್ಪ ಯಶವಂತನಗರದಾಗ ಗಣಿ ಲಾರಿ ಓಡ್ಸೋದು ಬಿಟ್ಟು ಯಾವಾಗ ಬರ್ತಾನ? ನಾ ಮಾಸ್ಕ್ ಹಾಕ್ಕಂತೀನಿ."

"ನಿಮ್ಮವ್ವನೂ ಮಕಕ್ಕ ಸೆರಗು ಕಟ್ಟಿದ್ಲು."

ಭಾಗ್ಯ ಪಂಪನ್ನು ಇಳಿಸಲಿಲ್ಲ.

"ಕೃಷಿ ಆಫೀಸಿನ ಮೇಡಂ ಬ್ಯಾರೆ ದಾರಿ ಹೇಳಲಿಲ್ಲೇನ?" ತಾಯಕ್ಕ ಕೇಳಿದಳು.

"ಹೇಳ್ಯಾರ. ಹಳದಿ ಬಣ್ಣ ಅಂದ್ರ ಬಿಳಿನೊಣಕ್ಕ ಹುಚ್ಚಂತ. ಹಳದಿ ಅರಿವಿಗೆ ಔಡಲೆಣ್ಣಿ ಹಚ್ಚಿ, ಇಬ್ರು ಹಿಡಕಂಡು ಸಾಲಾಗ ಹೊಂಟ್ರ ಬಂದು ಅಂಟ್ಕಂತಾವಂತ. ಅಷ್ಟುದ್ದ ಹಳದಿ ಅರಿವಿ ಎಲ್ಲೈತಿ ನಮ್ಮತ್ರ?"

ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ದುರ್ಗಾ ಕೊನೆಯ ದಿನದ ಬೆಳಿಗ್ಗೆ ಬಿಚ್ಚಿಟ್ಟು ಹೊಲಕ್ಕೆ ಹೋಗಿದ್ದ ಹಳದಿ ಸೀರೆ ಟ್ರಂಕಿನಲ್ಲಿತ್ತು. ಅದನ್ನು ಒಗೆಯಲು ತಾಯಕ್ಕ ಯಾರಿಗೂ ಬಿಟ್ಟಿರಲಿಲ್ಲ. ಸಂಕಟ ತಡೆಯಲಾಗದ ದಿನ ಅದರಲ್ಲಿ ಮುಖ ಹುದುಗಿಸಿದರೆ ಮಗಳ ಬೆವರು, ತಲೆಗೆ ಹಚ್ಚುತ್ತಿದ್ದ ಕೊಬ್ಬರಿ ಎಣ್ಣೆ ಇನ್ನೂ ಮೂಗಿಗೆ ಹತ್ತುತ್ತಿತ್ತು. ಮಗಳು ಎಲ್ಲೂ ಹೋಗಿಲ್ಲ ಅಂದುಕೊಳ್ಳಲು ಆ ಮುದುಕಿಗೆ ಅಷ್ಟು ಸಾಕಿತ್ತು.

ತಾಯಕ್ಕ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಂಕುಳಲ್ಲಿ ಸೀರೆಯಿತ್ತು, ಕೈಯಲ್ಲಿ ಎಣ್ಣೆ ಡಬ್ಬಿ.

"ಬ್ಯಾಡಜ್ಜಿ, ಅವ್ವಂದು..."

"ಮೊದ್ಲು ಪಂಪ್ ಇಳಸು."

ಭಾಗ್ಯ ಇಳಿಸಿದಳು. ತಾಯಕ್ಕ ತಾನೇ ಸೀರೆ ಹರವಿ, ತಾನೇ ಎಣ್ಣೆ ಸುರಿದು ಸವರಿದಳು. ಮೊಮ್ಮಗಳ ಕೈ ತಾಗಗೊಡಲಿಲ್ಲ.

ಲಾರಿಗಳ ಕೆಂಧೂಳು ಕೂತ ಹತ್ತಿಗಿಡಗಳ ಮೇಲೆ ಸೀರೆ ಬಿಗಿದು, ಆ ತುದಿಗೊಬ್ಬಳು, ಈ ತುದಿಗೊಬ್ಬಳು ನಡೆದರು. ಕಾಲು ತಾಕಿದ್ದೇ ತಡ, ಹಿಟ್ಟು ತೂರಿದಂತೆ ನೊಣ ಏಳುತ್ತಿದ್ದವು. ಸಾಲು ಮುಗಿಯುತ್ತ ಬಂದಂತೆ ಸೀರೆ ನಡುವೆ ಜಗ್ಗತೊಡಗಿತು, ಯಾರೋ ಅಲ್ಲಿ ಹಿಡಿದುಕೊಂಡು ಜೊತೆಗೆ ಬರುತ್ತಿರುವ ಹಾಗೆ. ತಾಯಕ್ಕ ಆ ಕಡೆ ನೋಡಲಿಲ್ಲ.

"ಅಜ್ಜಿ, ನೋಡಿಲ್ಲಿ! ಎಷ್ಟು ಬಿದ್ದಾವ!"

ಬದುವಿನಲ್ಲಿ ಭಾಗ್ಯ ನಗುತ್ತಿದ್ದಳು. ಸೀರೆಯಲ್ಲಿ ಹಳದಿಯೇ ಕಾಣುತ್ತಿರಲಿಲ್ಲ, ಪೂರಾ ಬೆಳ್ಳಗಾಗಿತ್ತು. ತಾಯಕ್ಕ ಮುಷ್ಟಿಯಲ್ಲಿದ್ದ ಸೆರಗಿನ ತುದಿಯನ್ನು ಮೂಗಿಗೆ ಹಿಡಿದಳು. ಬರೀ ಔಡಲೆಣ್ಣೆ ವಾಸನೆ. ಮಡಿಕೆ ಬಿಚ್ಚಿ ಇನ್ನೊಮ್ಮೆ ಮೂಸಿದಳು.

"ನೊಣ ಒರಸವ್ವ" ಎಂದಳು. "ಇನ್ನೂ ಭಾಳ ಸಾಲು ಅದಾವ."