ನೆಲಕ್ಕೆ ಬಿದ್ದ ಪ್ರತಿ

ನಮ್ಮ ತಂಡದ ಹಿರಿಯ ನಟ ಕಾಲಿಬೆಕ್ ಅಜ್ಜ ನನ್ನನ್ನು ನಂಬುತ್ತಿರಲಿಲ್ಲ. ನಾನೂ ಅವರನ್ನು ನಂಬುತ್ತಿರಲಿಲ್ಲವೆಂದು ಇಲ್ಲಿ ಬರೆದುಬಿಡುತ್ತೇನೆ.

ನಾರಿನ್ ಪಟ್ಟಣದ ನಮ್ಮ ನಾಟಕಶಾಲೆಯಲ್ಲಿ ನಾನು ಪ್ರಾಂಪ್ಟರ್. ಪದವಿ ಮುಗಿಸಿ ಬಂದವಳಿಗೆ ಸೈಡ್ ವಿಂಗಿನ ಮರೆಯಲ್ಲಿ ಕುಳಿತು, ಮರೆತವರಿಗೆ ಮಾತು ಪಿಸುಗುಟ್ಟುವ ಕೆಲಸ ಹೇಳಿ ಮಾಡಿಸಿದಂತಿತ್ತು. ಯಾರೂ ನನ್ನ ಮುಖ ನೋಡಬೇಕಿಲ್ಲ. ಬಿಡುವಿನಲ್ಲಿ ಡೈರಿ ಬರೆಯುತ್ತಿದ್ದೆ. ಚಹಾದ ಬಟ್ಟಲು ಹಿಡಿದು ಅಜ್ಜ ಹತ್ತಿರ ಬಂದಾಗಲೆಲ್ಲ ಮುಚ್ಚಿಬಿಡುತ್ತಿದ್ದೆ. ಅದರಿಂದಲೇ ಅವರ ಅನುಮಾನ ಬಲಿಯಿತು. ನಿರ್ದೇಶಕ ದೌರಾನ್‌ಗೆ ನಾನು ಚಾಡಿ ಬರೆದುಕೊಡುತ್ತೇನೆಂದು ಮೇಕಪ್ ಕೋಣೆಯಲ್ಲಿ ಹೇಳಿದ್ದರಂತೆ.

ಐವತ್ತು ವರ್ಷದ ಹಿಂದೆ ಅವರು ಒಂದು ಸಿನಿಮಾದಲ್ಲಿ ಕುದುರೆ ಕಾಯುವವನಾಗಿದ್ದರು. ಇಂದಿಗೂ ಬಜಾರಿನಲ್ಲಿ ಕುದುರೆ ಹಾಲಿನ ಹುಳಿ ಪೇಯ ಕುಮಿಸ್ ಮಾರುವ ಹೆಂಗಸರು ಅವರಿಗೆ ಒಂದು ಬಟ್ಟಲು ಕುಡಿಸದೆ ಬಿಡುವುದಿಲ್ಲ. ಆದರೆ ಆ ಸಿನಿಮಾದಲ್ಲಿ ಅವರಿಗೆ ದನಿ ಕೊಟ್ಟವನು ರಾಜಧಾನಿಯ ಬೇರೊಬ್ಬ.

"ಅಲ್ಲಿ ಮೂತಿ ಮಾತ್ರ ನಂದು. ಇಲ್ಲಿ ದನೀನೂ ನಂದೇ," ಎನ್ನುತ್ತಿದ್ದರು.

ಅವರಿಗೆ ಎಪ್ಪತ್ತೈದು ತುಂಬುವ ದಿನದ ನಾಟಕದಲ್ಲಿ ಈಗ ಮುದಿ ಖಾನನ ಪಾತ್ರ ಸಿಕ್ಕಿತ್ತು. ಇನ್ನೊಂದು ಸಿಗುವ ವಯಸ್ಸಲ್ಲ.

ನಾಟಕದ ಪ್ರತಿ ನೆಲಕ್ಕೆ ಬಿದ್ದರೆ ನಮ್ಮಲ್ಲಿ ಯಾರೂ ಹಾಗೆಯೇ ಎತ್ತಿಕೊಳ್ಳುವುದಿಲ್ಲ. ಬೀಳಿಸಿದವರು ಅದರ ಮೇಲೆ ಕುಳಿತು ಏಳಬೇಕು; ಇಲ್ಲವಾದರೆ ನಾಟಕವೇ ಬೀಳುತ್ತದೆಂಬ ನಂಬಿಕೆ. ಅಲ್ಲಿಯವರೆಗೆ ತಾಲೀಮು ನಿಲ್ಲುತ್ತದೆ. ಅಜ್ಜನ ಪ್ರತಿ ಒಂದೇ ವಾರದಲ್ಲಿ ನಾಲ್ಕು ಸಲ ಬಿತ್ತು. ಖಾನನಿಗೆ ಸಿಂಹಾಸನ ಬೇಡ, ಪ್ರತಿಯೇ ಸಾಕು ಎಂದು ಮೇಕಪ್ ಹೆಂಗಸು ನಗಾಡಿದಳು. ನನಗೆ ನಗು ಬರಲಿಲ್ಲ. ನಾಲ್ಕೂ ಸಲ ಬಿದ್ದದ್ದು ಮೂರನೆಯ ಅಂಕದಲ್ಲಿ, ಖಾನ ಮಗನನ್ನು ಕ್ಷಮಿಸುವ ಮಾತಿಗೆ ಮುಂಚೆ. ಮಂಡಿ ಹಿಡಿದು ಕೂರುತ್ತಾರೆ, ಎತ್ತಿಕೊಳ್ಳುವಾಗ ಪುಟದ ಮೇಲೆ ಕಣ್ಣು ಹಾಯಿಸುತ್ತಾರೆ, ಮಾತು ಸಲೀಸಾಗಿ ಬರುತ್ತದೆ. ನನ್ನಿಂದ ಹೇಳಿಸಿಕೊಂಡರೆ ಮರೆವು ಎಲ್ಲರಿಗೂ ಗೊತ್ತಾಗುತ್ತಿತ್ತು. ತಾರೀಖು ಹಾಕಿ ಡೈರಿಯಲ್ಲಿ ಬರೆದಿಟ್ಟೆ: ಬೇಕೆಂದೇ ಬೀಳಿಸುತ್ತಿದ್ದಾರೆ.

ದೌರಾನ್‌ಗೂ ವಾಸನೆ ಹತ್ತಿತ್ತು. ಪ್ರದರ್ಶನಕ್ಕೆ ಐದು ದಿನ ಇರುವಾಗ ನನ್ನನ್ನು ಕರೆದರು.

"ಮೇರಿಮ್, ಇವತ್ತು ನಟರ ಕೈಲಿ ಪ್ರತಿ ಇರಲ್ಲ. ನೀನೂ ಬಾಯಿ ಬಿಡಬೇಡ. ಮುದುಕ ತಡವರಿಸಿದ್ರೆ ಪಾತ್ರ ಬೇರೆಯವರಿಗೆ."

ಮೂರನೆಯ ಅಂಕ ಬಂತು. ಅಜ್ಜನ ಬರಿಗೈ ಬೆರಳುಗಳು ಏನನ್ನೋ ಹಿಡಿದಂತೆ ಮಡಚಿಕೊಂಡವು. ಕ್ಷಮೆಯ ಮಾತು ಬರಲಿಲ್ಲ. ಪಾತ್ರಗಳ ಪಟ್ಟಿ ತಿದ್ದಲು ದೌರಾನ್ ಪೆನ್ನು ತೆಗೆದರು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಪ್ರತಿ ಅಜ್ಜನ ಬೂಟಿನ ಬಳಿ ಹೋಗಿ ಬಿತ್ತು.

ಪ್ರತಿ ಬಿದ್ದ ಮೇಲೆ ದೌರಾನ್ ಕೂಡ ಏನೂ ಹೇಳುವಂತಿರಲಿಲ್ಲ. ಕಿವಿಯವರೆಗೆ ಕೆಂಪಾಗಿ, ಅಷ್ಟು ಜನರೆದುರು ರಂಗದ ಮೇಲೆ ನಡೆದುಹೋಗಿ ಅದರ ಮೇಲೆ ಕುಳಿತೆ. ತಲೆ ತಗ್ಗಿಸಿ ಖಾನನ ಮಾತಿನ ಮೊದಲ ಎರಡೇ ಪದ ಪಿಸುಗುಟ್ಟಿದೆ. ಎದ್ದು ಬಂದೆ. ಖಾನ ಮಗನನ್ನು ಕ್ಷಮಿಸಿದ. ದೌರಾನ್ ಪೆನ್ನನ್ನು ಜೇಬಿಗೆ ಸೇರಿಸಿದರು, ಆದರೆ ಕಣ್ಣು ನನ್ನ ಮೇಲೆಯೇ ಇತ್ತು.

ತಾಲೀಮು ಮುಗಿದ ಮೇಲೆ ಅಜ್ಜ ನೇರ ನನ್ನ ಮೂಲೆಗೆ ಬಂದರು.

"ಯಾರು ಹೇಳ್ಕೊಟ್ಟಿದ್ದು ನಿಂಗೆ?"

"ಯಾರೂ ಇಲ್ಲ ಅಜ್ಜ."

"ಹಂಗಾದ್ರೆ ನನ್ನ ನೋಡೇ ಕಲ್ತಿದೀಯ. ನೋಡಿದ್ದನ್ನ ಬರ್ಕೊಂಡೂ ಇದೀಯ. ಕೊಡು ಇಲ್ಲಿ."

ಡೈರಿ ಕೊಟ್ಟೆ. ತೆರೆಯಲಿಲ್ಲ. ನೆಲಕ್ಕೆ ಬೀಳಿಸಿ, ಮಂಡಿ ಹಿಡಿದು, ಮೆಲ್ಲನೆ ಅದರ ಮೇಲೆ ಕುಳಿತರು.

"ನಾಟಕ ಆಗೋವರೆಗೂ ಇದು ನನ್ ಹತ್ರ ಇರ್ಲಿ ಮಗಳೇ. ಅವತ್ತೂ ಆ ಎರಡು ಪದ ಹೇಳು. ಆಮೇಲೆ ವಾಪಸ್."

ಕೈ ಹಿಡಿದು ಎಬ್ಬಿಸಿದೆ.

ಪ್ರದರ್ಶನದಂದು ಆ ಎರಡು ಪದವನ್ನು ಅವರಿಗಷ್ಟೇ ಕೇಳುವಂತೆ ಹೇಳಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಡೈರಿ ಮರಳಿ ಬಂತು, ಪ್ರತಿ ಬಿದ್ದ ತಾರೀಖುಗಳಿದ್ದ ಹಾಳೆಯೊಂದನ್ನು ಬಿಟ್ಟು. ಉಳಿದದ್ದನ್ನೂ ಓದಿದ್ದರೋ ಏನೋ. ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಇದನ್ನು ಬೇರೆ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.