ಬುಶ್ರಾಳ ಹೆಜ್ಜೆಯ ಸದ್ದು

ಬುಶ್ರಾ ಎಡಕ್ಕೆ ಭುಜ ಬಾಗಿಸಿದರೆ ಸಾಕು, ವಿಜಯಶ್ರೀ ಎಡಕ್ಕೆ ಓಡಿಬಿಟ್ಟಿರುತ್ತಿದ್ದಳು. ಅಷ್ಟೊತ್ತಿಗೆ ಬುಶ್ರಾ ಬಲಕ್ಕೆ ಹೊರಳಿ, ತೇಲಿಬಂದ ಡಿಸ್ಕನ್ನು ಹೂ ಕಿತ್ತಷ್ಟು ಹಗುರಾಗಿ ಹಿಡಿದು, ತಿರುಗಿ ನೋಡಿ ನಗುತ್ತಿದ್ದಳು. ಆ ನಗೆಯಲ್ಲಿ ಕೊಂಕಿರಲಿಲ್ಲ. ವಿಜಯಶ್ರೀಗೆ ಅದೇ ಹೆಚ್ಚು ಉರಿ.

ಜೇವರ್ಗಿ ಕಾಲೋನಿಯ ಹುಡುಗ ಹುಡುಗಿಯರು ಸಂಜೆ ಸೇರಿ ಆಡುವ ಈ ಆಟಕ್ಕೆ ಅಲ್ಟಿಮೇಟ್ ಎಂದು ಹೆಸರು. ಡಿಸ್ಕ್, ಅಂದರೆ ಹಾರಿಸುವ ಪ್ಲಾಸ್ಟಿಕ್ ತಟ್ಟೆ, ಕೈಯಲ್ಲಿದ್ದವರು ಓಡುವಂತಿಲ್ಲ, ಎಸೆಯಬೇಕು. ಉಳಿದವರು ತಪ್ಪಿಸಿಕೊಂಡು ಓಡಿ ಹಿಡಿಯಬೇಕು. ಮೈದಾನದ ತುದಿಯ ಪಟ್ಟಿಯೊಳಗೆ ಹಿಡಿದರೆ ಅಂಕ, ನೆಲಕ್ಕೆ ಬಿದ್ದರೆ ಡಿಸ್ಕ್ ಎದುರಾಳಿಗಳಿಗೆ. ಹಾಗೆ ತಪ್ಪಿಸಿಕೊಳ್ಳುವವರ ಬೆನ್ನು ಬಿಡದೆ ತಡೆಯುವುದು ವಿಜಯಶ್ರೀಯ ಕೆಲಸ. ಎಲ್ಲರನ್ನೂ ತಡೆದಾಳು, ಐವಾನ್-ಎ-ಶಾಹಿ ಬಡಾವಣೆಯ ತಂಡದ ಬುಶ್ರಾ ಒಬ್ಬಳು ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಕಾಲೋನಿ ತಂಡದ ನಾಯಕ ಅಜಿತ ಶೂ ದಾರ ಬಿಚ್ಚುತ್ತ, ವಿಜಯಶ್ರೀಯ ಮುಖ ನೋಡದೆ ಹೇಳಿದ್ದ. "ಭಾನುವಾರದ ಮ್ಯಾಚಿನಾಗ ಬುಶ್ರಾನ್ನ ಒಂದ್ ಸಲರೆ ನಿಲ್ಲಸು. ಇಲ್ಲಾಂದ್ರ ಹೈದರಾಬಾದ್ ಟೂರ್ನಮೆಂಟಿಗೆ ನಿನ್ನ ಜಾಗಾದಾಗ ಬ್ಯಾರೆಯವರನ್ನ ಹಾಕಬೇಕಾಗ್ತದ. ಸಿಟ್ಟ ಆಗಬ್ಯಾಡ."

"ಸಿಟ್ಟ ಯಾಕ? ನಿಲ್ಲಸ್ತೀನಿ," ಎಂದಿದ್ದಳು. ಹಾಗೆಂದ ಮೇಲೆ ಎರಡು ರಾತ್ರಿ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಕಾಲೋನಿಯ ಮೈದಾನದಲ್ಲಿ ಯಾವುದೋ ಮದುವೆಯ ಪೆಂಡಾಲು ಎದ್ದಿದ್ದರಿಂದ ಮ್ಯಾಚು ಕಮಲಾಪುರಕ್ಕೆ ಹೋಯಿತು. ಕಮಲಾಪುರ ವಿಜಯಶ್ರೀ ಅಜ್ಜ ಅಜ್ಜಿಯ ಬಳಿ ಬೆಳೆದ ಊರು. ಅಲ್ಲಿನ ಮೈದಾನದಲ್ಲಿ ಹುಲ್ಲಿನ ಎಸಳಿಲ್ಲ, ಬರೀ ಮುರುಮು, ಹರಳುಗಲ್ಲಿನ ನೆಲ. ಅಜ್ಜಿ ಪುತಳಾಬಾಯಿ ಬುಟ್ಟಿ ತುಂಬ ಕೆಂಪು ಬಾಳೆಹಣ್ಣು ಹೊರಿಸಿಕೊಂಡು ಬಂದಿದ್ದಳು. ಅಜ್ಜ ದತ್ತಪ್ಪ ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

"ಅಂಪೈರ್ ಎಲ್ಲಿ ಹೋಗ್ಯಾನ?" ಅಜ್ಜ ಮೊಮ್ಮಗಳನ್ನು ಕೇಳಿದ.

"ಈ ಆಟದಾಗ ಅಂಪೈರ್ ಇರಂಗಿಲ್ಲ ಮುತ್ಯಾ. ತಪ್ಪಾತೋ ಇಲ್ಲೋ ಆಡೋರೇ ಹೇಳಬೇಕು."

"ಖರೇ ಹೇಳ್ತಾರ?"

"ಹೇಳ್ತಾರ."

"ಹಂಗಿದ್ರ ನಮ್ಮ ಪಂಚಾಯ್ತಿ ಮೆಂಬರಗೋಳಿಗೂ ಒಂದ್ ತಾಟು ಕೊಟ್ಟು ಆಡಸ್ರಿ," ಎಂದ ದತ್ತಪ್ಪ. ಅವನ ಪಾಲಿಗೆ ಡಿಸ್ಕು ಎಂದರೆ ಊಟದ ತಾಟೇ.

ಆಟ ಶುರುವಾಯಿತು. ಬುಶ್ರಾಳ ಕಣ್ಣು ಎಡಕ್ಕೆ ಹೋಯಿತು, ವಿಜಯಶ್ರೀಯೂ ಹೋದಳು. ಬುಶ್ರಾ ಬಲಕ್ಕೆ ಹೊರಳಿ ಡಿಸ್ಕ್ ಹಿಡಿದಳು. ಅಂಕ. ಇನ್ನೊಮ್ಮೆ ಭುಜ ಆಡಿಸಿದಳು, ಮತ್ತೆ ಅಂಕ.

"ವಿಜ್ಯಾ!" ಬೇವಿನ ನೆರಳಿನಿಂದ ಅಜ್ಜನ ಗಟ್ಟಿ ದನಿ. "ಮತ್ತ ಮೊದಲೇ ಸಾಧು ಅಂದಿ ನೋಡು!"

ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಉಳಿದವರಿಗೆ ಏನೂ ತಿಳಿಯಲಿಲ್ಲ. ವಿಜಯಶ್ರೀ ಮಾತ್ರ ನಿಂತಲ್ಲೇ ನಿಂತಳು.

ಅವಳು ಚಿಕ್ಕವಳಿದ್ದಾಗ ಅವರ ಮನೆಯಲ್ಲಿ ನಸುಕಿಗೆ ದೀಪ ಹಚ್ಚಿ ಬುದ್ಧವಂದನೆ. ಅಜ್ಜ ಗಾಥೆ ಹೇಳುತ್ತಿದ್ದ. ಮುಗಿದಾಗ ಎಲ್ಲರೂ ಒಟ್ಟಿಗೆ, ಒಳ್ಳೆಯದಾಯಿತು ಎಂಬರ್ಥದಲ್ಲಿ, ಸಾಧು, ಸಾಧು, ಸಾಧು ಎನ್ನಬೇಕು. ಅಜ್ಜ ಕೊನೆಯ ಸಾಲನ್ನು ಎಳೆದೆಳೆದು ಹೇಳುತ್ತಿದ್ದ. ಒಲೆಯ ಮೇಲಿನ ಮಂಡಕ್ಕಿ ಸುಸಲದ ವಾಸನೆಗೆ ಮನಸ್ಸು ಕೊಟ್ಟ ಮಕ್ಕಳು ಅವನ ತುಟಿಯನ್ನೇ ನೋಡುತ್ತ, ಅದು ಮುಚ್ಚಿತು ಎನ್ನುವಷ್ಟರಲ್ಲಿ ಸಾಧು ಎಂದುಬಿಡುತ್ತಿದ್ದರು. ಅಜ್ಜನ ಸಾಲು ಇನ್ನೂ ಉಳಿದಿರುತ್ತಿತ್ತು. ಎಲ್ಲರಿಗಿಂತ ಮೊದಲು ಎಡವುತ್ತಿದ್ದವಳು ವಿಜಯಶ್ರೀಯೇ. ಒಂದು ದಿನ ಅವಳು ತುಟಿ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿದಳು. ಆಗ ಕೇಳಿಸಿತು: ಸಾಲು ನಿಜಕ್ಕೂ ಮುಗಿದಾಗ ಅಜ್ಜನ ಉಸಿರು ಮೆತ್ತಗೆ ಕೆಳಗಿಳಿಯುತ್ತದೆ. ತುಟಿ ಆಟ ಆಡಿಸೀತು, ಉಸಿರು ಆಡಿಸದು. ಅಂದಿನಿಂದ ಅವಳ ಸಾಧು ತಪ್ಪಿರಲಿಲ್ಲ.

ಇಲ್ಲಿ ಮೈದಾನದಲ್ಲೂ ಅವಳು ಬುಶ್ರಾಳ ಮುಖ ನೋಡುವುದನ್ನು ಬಿಟ್ಟಳು. ಅಜಿತ ಹೇಳಿಕೊಟ್ಟಂತೆ ದೂರದ ಎಸೆತದ ದಾರಿಗೆ ಅಡ್ಡವಾಗಿ, ಎರಡು ಮಾರು ಬಿಟ್ಟು ನಿಂತಳು. ಕಣ್ಣು ಬುಶ್ರಾಳ ಸೊಂಟದ ಮೇಲೆ, ಕಿವಿ ನೆಲದ ಮೇಲೆ. ಬುಶ್ರಾ ಮೋಸದ ಹೆಜ್ಜೆ ಇಟ್ಟಾಗ ಮುರುಮು ಚರಚರ ಎಂದಷ್ಟೇ ಅನ್ನುತ್ತಿತ್ತು. ನಿಜವಾಗಿ ಹೊರಳುವಾಗ ಮೈಭಾರವೆಲ್ಲ ಒಂದೇ ಕಾಲಿಗೆ ಬಿದ್ದು, ಕಲ್ಲು ಕರ್ರನೆ ಅರೆಯುತ್ತಿತ್ತು. ಹುಲ್ಲಿನ ಮೈದಾನದಲ್ಲಿ ಇಷ್ಟು ದಿನ ಕೇಳದೆ ಉಳಿದದ್ದು ಇದೇ. ಮೊದಲ ಸಲ ಅರ್ಧ ಹೆಜ್ಜೆ ತಡವಾಯಿತು. ಆಮೇಲಾಮೇಲೆ ಬುಶ್ರಾ ಹೊರಳಿದ ಕಡೆಯೇ ವಿಜಯಶ್ರೀಯೂ ಇರತೊಡಗಿದಳು. ಬುಶ್ರಾಳತ್ತ ಬರುತ್ತಿದ್ದ ಎಸೆತಗಳು ಕಡಿಮೆಯಾದವು.

"ಅರೇ, ಬೆನ್ನಿಗೆ ಅಂಟು ಹಚ್ಚಕೊಂಡ್ ಬಂದೀಯೇನ?" ಬುಶ್ರಾ ಏದುಸಿರಿನಲ್ಲೇ ಕೇಳಿದಳು.

"ಇನ್ನಾ ಒಣಗಿಲ್ಲ, ತಡಿ."

ಎರಡೂ ಕಡೆ ಅಂಕ ಸಮವಾದವು. ಮುಂದಿನದು ಯಾರಿಗೋ ಗೆಲುವು ಅವರಿಗೆ. ಡಿಸ್ಕ್ ಐವಾನ್-ಎ-ಶಾಹಿಯವರ ಕೈಯಲ್ಲಿತ್ತು. ಬುಶ್ರಾಳ ಭುಜ ಬಾಗಿತು, ವಿಜಯಶ್ರೀ ಕದಲಲಿಲ್ಲ. ಚರಚರ. ಇನ್ನೊಮ್ಮೆ ಚರಚರ. ಆಮೇಲೆ ಕರ್ರ್ ಎಂದಿತು. ಇಬ್ಬರೂ ಒಟ್ಟಿಗೆ ಹೊರಳಿದರು, ಒಟ್ಟಿಗೆ ಹಾರಿದರು. ವಿಜಯಶ್ರೀಯ ಬೆರಳು ಡಿಸ್ಕಿನ ಅಂಚಿಗೆ ತಗುಲಿ ಅದು ನೆಲಕ್ಕೆ ಬಿತ್ತು. ಇಬ್ಬರೂ ಬಿದ್ದರು.

ಜೇವರ್ಗಿ ಕಾಲೋನಿಯವರು ಹೋ ಎಂದು ಕೂಗಿದರು. ವಿಜಯಶ್ರೀ ಮಾತ್ರ ಬಿದ್ದಲ್ಲಿಂದಲೇ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದಳು. ಡಿಸ್ಕಿಗಿಂತ ಮೊದಲು ಮೊಣಕೈ ಬುಶ್ರಾಳಿಗೆ ತಾಗಿತೋ ಏನೋ, ಅವಳಿಗೇ ತಿಳಿದಿರಲಿಲ್ಲ. ಹೇಳಬೇಕಾದವಳು ಬುಶ್ರಾ. ಅವಳು ಫೌಲ್ ಎಂದರೆ ಡಿಸ್ಕ್ ಅವಳದ್ದೇ.

ಬುಶ್ರಾ ಎದ್ದು ಕೂತಳು. ಮೊಣಕಾಲಿನ ಧೂಳು ಕೊಡವಿದಳು. ಯಾಕೋ ಬಹಳ ಹೊತ್ತು ಕೊಡವಿದಂತಿತ್ತು.

"ಇಲ್ಲ," ಎಂದಳು. "ಸಾಫ್ ಅದ. ಮೊದಲು ಡಿಸ್ಕಿಗೇ ಬಡದೀದಿ."

ಬೇವಿನ ನೆರಳಿನಲ್ಲಿ ದತ್ತಪ್ಪನ ಉಸಿರು ಇಳಿಯಿತು. "ಸಾಧು," ಎಂದ, ಯಾರಿಗೂ ಅಲ್ಲ ಎನ್ನುವಂತೆ.

ಮ್ಯಾಚನ್ನು ಜೇವರ್ಗಿ ಕಾಲೋನಿಯವರು ಗೆಲ್ಲಲಿಲ್ಲ. ಸಿಕ್ಕ ಡಿಸ್ಕನ್ನು ಅಜಿತ ಉಮೇದಿನಲ್ಲಿ ಉದ್ದಕ್ಕೆ ಎಸೆದ. ಗಾಳಿ ಅದನ್ನು ಎತ್ತಿಕೊಂಡು ಹೋಗಿ ಪುತಳಾಬಾಯಿಯ ಬಾಳೆಹಣ್ಣಿನ ಬುಟ್ಟಿಗೆ ಹಾಕಿತು. ಮರು ಎಸೆತದಲ್ಲಿ ಎದುರಾಳಿಗಳ ಇನ್ನೊಬ್ಬ ಹುಡುಗ ಅಂಕ ಹೊಡೆದ.

"ಹೈದರಾಬಾದಿಗೆ ನೀ ಬರ್ತಿ," ಅಜಿತ ತಲೆ ಕೆರೆದುಕೊಂಡ. "ನಾ ಬರ್ತೀನೋ ಇಲ್ಲೋ, ಅದನ್ನ ನೋಡಬೇಕು."

ಎರಡೂ ತಂಡದವರು ಒಂದೇ ಬುಟ್ಟಿಗೆ ಕೈ ಹಾಕಿ ಹಣ್ಣು ತಿಂದರು. ಬಸ್ಸಿನ ಕಡೆ ಹೊರಟಾಗ ಬುಶ್ರಾ ಬಿಡಲಿಲ್ಲ. "ಖರೇ ಹೇಳು, ನಾ ಎತ್ತ ಹೊರಳ್ತೀನಿ ಅಂತ ಹ್ಯಾಂಗ ಗೊತ್ತಾತು?"

"ನಿನ್ನ ಕಾಲೇ ಹೇಳ್ತಾವ."

"ಚಾಡಿಕೋರ ಕಾಲು!" ಎಂದು ಬುಶ್ರಾ ನಕ್ಕು ಹಿಂದೆ ಉಳಿದಳು.

ಸ್ವಲ್ಪ ದೂರ ಯಾವ ಸದ್ದೂ ಇರಲಿಲ್ಲ. ವಿಜಯಶ್ರೀ ತಿರುಗಿ ನೋಡದೆ ನಡೆದಳು. ಸಂಜೆಯ ಬಿಸಿಲು ಬಾಳೆಯ ತೋಟದ ಮೇಲೆ ಹಣ್ಣಾಗಿತ್ತು. ಹಿಂದೆ ಎಲ್ಲೋ ಒಂದು ಕಲ್ಲು, ತೀರ ಮೆತ್ತಗೆ, ಚರ್ ಎಂದಿತು.

"ಶೂ ಬಿಚ್ಚಿ ಬರಾಕತ್ತೀಯೇನ? ಮುಳ್ಳ ಅದಾವ, ಹಾಕ್ಕೋ," ಎಂದಳು ವಿಜಯಶ್ರೀ.