ಎರಡನೆಯವನ ಸಹಿ

ವಿಮಾನ ರಿಪೇರಿಯಲ್ಲಿ ಒಂದು ಕಟ್ಟಳೆ ಇದೆ. ಜೀವಕ್ಕೆ ಕುತ್ತು ತರುವಂಥ ಜಾಗದಲ್ಲಿ ಒಬ್ಬ ಬೋಲ್ಟು ಬಿಗಿದರೆ ಇನ್ನೊಬ್ಬ ನೋಡಿ ಸಹಿ ಹಾಕಬೇಕು. ಮುಂಬೈಯ ಹ್ಯಾಂಗರಿನಲ್ಲಿ ಮಹಾಲಿಂಗಪುರದ ಮುದಕಪ್ಪ ಬಿಗಿಯುತ್ತಿದ್ದ, ಬನಹಟ್ಟಿಯ ನಾನು ನೋಡುತ್ತಿದ್ದೆ. 'ನನ್ನ ತಪ್ಪು ಹುಡುಕುವುದಕ್ಕೇ ಇವನಿಗೆ ಪಗಾರ' ಎಂದು ಅವನು ಎಲ್ಲರ ಮುಂದೆ ನನ್ನನ್ನು ಆಡಿಕೊಳ್ಳುತ್ತಿದ್ದ.

ಹೋದ ವರ್ಷ ಕಂಪನಿ ಕೆಲಸವನ್ನೆಲ್ಲ ಹೊರಗಿನ ಗುತ್ತಿಗೆದಾರನಿಗೆ ಕೊಟ್ಟಿತು. ನಾವು ಮುಷ್ಕರ ಹೂಡಿದೆವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಿರಿಯರು ಕಟ್ಟಿದ ಯೂನಿಯನ್ ಒಂದೇ ಮಳೆಗಾಲದಲ್ಲಿ ಪುಡಿಯಾಯಿತು. ಒಬ್ಬೊಬ್ಬರಾಗಿ ಅರ್ಧ ಸಂಬಳಕ್ಕೆ ಗುತ್ತಿಗೆದಾರನ ಬಾಗಿಲಿಗೆ ಹೋದರು. ನಾವಿಬ್ಬರು ಮಾತ್ರ ಹೋಗುವುದಿಲ್ಲವೆಂದು ಪರಸ್ಪರ ಮಾತು ಕೊಟ್ಟು ಊರಿಗೆ ಬಂದೆವು. ಭಾನುವಾರಕ್ಕೊಮ್ಮೆ ಹೊಳೆಗೆ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜಿನ ಮೇಲೆ ಕೂತು ಕಂಪನಿಯನ್ನು ಬೈಯುವುದು. ನನ್ನ ಹ್ಯಾಂಗರಿನ ಮಾತು ತಿಳಿಯುವವನು ಈ ಸೀಮೆಯಲ್ಲಿ ಅವನೊಬ್ಬನೇ.

ಒಂದು ಭಾನುವಾರ ಅವನು ಬರಲಿಲ್ಲ. ಕಾದು ಸಾಕಾದಾಗ ವಿಡಿಯೋ ಕಾಲ್ ಬಂತು. ಅವನ ಹಿಂದೆ ವಿಮಾನದ ಬಾಲ ಕಂಡಿತು.

"ಹೇಳದ ಕೇಳದ ಬಂದೇನಿ, ಬೈಬ್ಯಾಡಲೇ ಪ್ರೇಮ್ಯಾ. ಇಲ್ಲಿ ಎರಡನೇ ಮನಷ್ಯಾನ ಇಲ್ಲ. ಎರಡೂ ಸಹಿ ನನ್ನ ಕಡಿಂದನ ಮಾಡಸ್ತಾರ. ನೀ ಒಮ್ಮಿ ನೋಡು."

ಮೈಯೆಲ್ಲ ಉರಿಯಿತು. ಮಾತು ಮುರಿದದ್ದಲ್ಲದೆ, ನಮ್ಮನ್ನು ಹೊರಗೆ ಹಾಕಿದವರ ಕೆಲಸವನ್ನು ನನ್ನಿಂದ ಬಿಟ್ಟಿ ಮಾಡಿಸಿಕೊಳ್ಳುತ್ತಾನಲ್ಲ! ಫೋನ್ ಇಟ್ಟುಬಿಡೋಣವೆನ್ನಿಸಿತು. ಆದರೆ ಆ ವಿಮಾನದಲ್ಲಿ ಕೂರುವವರು ನನಗೇನು ಮಾಡಿದ್ದರು?

"ಬೆಳಕ ಹಿಡಿ," ಎಂದೆ.

ಬೋಲ್ಟು ಸಡಿಲಾಗದಂತೆ ಕಟ್ಟುವ ತಂತಿಯನ್ನು ತಪ್ಪು ದಿಕ್ಕಿಗೆ ಎಳೆದಿದ್ದ.

"ಉಲ್ಟಾ ಕಟ್ಟೀದಿ, ಕಣ್ಣ ಎಲ್ಲಿ ಇಟ್ಟೀದಿ? ಬಿಚ್ಚು!"

ಬಿಚ್ಚಿದ, ಮತ್ತೆ ಕಟ್ಟಿದ, ತೋರಿಸಿದ. ಈ ಸಲ ಸರಿಯಾಗಿತ್ತು. "ಛಲೋ ಆತು," ಎಂದೆ. ಅವನು ನಕ್ಕು ಫೋನ್ ಇಟ್ಟ. ಎಷ್ಟೋ ತಿಂಗಳ ಮೇಲೆ ನನಗೆ ಹೊಟ್ಟೆ ತುಂಬಿದಂತಾಯಿತು.

ಆಮೇಲೆ ದಿನವೂ ಅವನ ಫೋನಿಗೆ ಕಾದೆ. ಗುತ್ತಿಗೆದಾರನ ಕೆಲಸಕ್ಕೆ ಹೀಗೆ ಬಾಯಿ ಬಿಡುತ್ತೇನಲ್ಲ ಎಂದು ನಾಚಿಕೆಯಾದರೂ ಕಾದೆ. ಓಣಿಯ ಮನೆಮನೆಯ ಮಗ್ಗಗಳ ಸದ್ದಿನಲ್ಲಿ ಕೇಳಿಸದೆ ಹೋದೀತೆಂದು ಓಣಿ ದಾಟಿ ಬಯಲಿಗೆ ಹೋಗಿ ಕೂರುತ್ತಿದ್ದೆ. ಬರಲಿಲ್ಲ. ಕೊನೆಗೆ ನಾನೇ ಮಾಡಿದೆ.

"ಎರಡನೇ ಮನಷ್ಯಾ ಬಂದನೇನ?"

"ಇಲ್ಲ."

"ಮತ್ತ ಯಾರ ನೋಡ್ತಾರ?"

"ಯಾರೂ ನೋಡೂದಿಲ್ಲೋ," ಎಂದ ಮುದಕಪ್ಪ. "ನನಗ ರೂಢಿ ಆತು."